‘ಮನೆ ಆಗಲೇ ಮಲಗಿತ್ತು’: ಅನುಭಾವದ ಕವಿತೆಯನ್ನು ಕನ್ನಡಕ್ಕೆ ತರುವಾಗ

ಪ್ರಶ್ನೆ: ನಾನು ಕವಿತೆ ಬರೆಯುತ್ತೇನೆ. ಒಂದು ವರ್ಷದಿಂದ ಸ್ಪೇನಿನ ಹದಿನಾರನೆಯ ಶತಮಾನದ ಸನ್ಯಾಸಿ ಕವಿ ಹ್ವಾನ್ ದೆ ಲಾ ಕ್ರೂಸ್ ಅವರ ‘ಕತ್ತಲ ರಾತ್ರಿ’ ಕವಿತೆಯನ್ನು ಇಂಗ್ಲಿಷ್ ಮೂಲಕ ಕನ್ನಡಕ್ಕೆ ತರಲು ಒದ್ದಾಡುತ್ತಿದ್ದೇನೆ. ನಾನು ಕ್ರೈಸ್ತನಲ್ಲ. ದೇವರ ಬಗ್ಗೆಯೂ ಗಟ್ಟಿ ನಂಬಿಕೆ ಇಲ್ಲ. ಅನುಭಾವ ಅಂತೂ ಆಗಿಯೇ ಇಲ್ಲ. ಇಂಥವನು ಈ ಕವಿತೆಯನ್ನು ಮುಟ್ಟಬಹುದಾ? ಇನ್ನೊಂದು ಮಾತು: ಓದಿದರೆ ಇದು ಬರೀ ಪ್ರೇಮ ಕವಿತೆಯಂತೆ ಕಾಣುತ್ತದೆ. ದೇವರ ಬಗ್ಗೆ ಬರೆದದ್ದು ಎಂದು ಓದುಗರಿಗೆ ತಿಳಿಯುವಂತೆ ಅಲ್ಲಲ್ಲಿ ‘ಪರಮಾತ್ಮ’, ‘ಐಕ್ಯ’ ಎಂದೆಲ್ಲ ಹಾಕಲೇ?

ಉತ್ತರ: ಮೊದಲನೆಯದಕ್ಕೆ, ಖಂಡಿತ ಮುಟ್ಟಬಹುದು. ಎರಡನೆಯದಕ್ಕೆ, ದಯವಿಟ್ಟು ಹಾಕಬೇಡಿ. ಈ ಎರಡು ಉತ್ತರಗಳ ಬೇರು ಒಂದೇ. ಅದನ್ನು ಬಿಡಿಸಿ ಹೇಳುತ್ತೇನೆ. ನಾನೂ ಇದೇ ಕವಿತೆಯ ಮುಂದೆ ವರ್ಷಗಟ್ಟಲೆ ಕೂತವನು.

ನಂಬಿಕೆಯ ಮಾತು ಬಂದಾಗಲೆಲ್ಲ ನನಗೆ ಐರ್ಲೆಂಡಿನ ಕವಿ ಶೇಮಸ್ ಹೀನಿ ನೆನಪಾಗುತ್ತಾರೆ. ಅವರು ಹುಟ್ಟಿದ್ದು 1939ರಲ್ಲಿ, ಕ್ಯಾಥೊಲಿಕ್ ಮನೆಯಲ್ಲಿ. ಬಾಲ್ಯದ ನಂಬಿಕೆ ದೊಡ್ಡವರಾದ ಮೇಲೆ ಹಾಗೇ ಉಳಿಯಲಿಲ್ಲ. 1984ರಲ್ಲಿ ಅವರ ‘ಸ್ಟೇಷನ್ ಐಲೆಂಡ್’ ಎಂಬ ಕವನ ಸಂಕಲನ ಬಂತು. ಡೊನೆಗಾಲ್ ಕೌಂಟಿಯ ಲಾಕ್ ಡರ್ಗ್ ಎಂಬ ಸರೋವರದಲ್ಲಿರುವ ಒಂದು ಚಿಕ್ಕ ದ್ವೀಪದ ಹೆಸರು ಅದು. ಯಾತ್ರಿಕರು ಅಲ್ಲಿ ಮೂರು ದಿನ ಬರಿಗಾಲಲ್ಲಿ, ಉಪವಾಸವಿದ್ದು, ನಿದ್ದೆಗೆಟ್ಟು ಪ್ರಾರ್ಥನೆ ಮಾಡುತ್ತಾರೆ. ಹೀನಿಯವರ ದೀರ್ಘ ಕವಿತೆಯಲ್ಲಿ ಅಂಥ ಯಾತ್ರಿಕನಿಗೆ ಸತ್ತುಹೋದವರು ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಹನ್ನೊಂದನೆಯ ಭಾಗದಲ್ಲಿ, ಹಿಂದೆ ಎಂದೋ ಪಾಪನಿವೇದನೆ ಕೇಳಿದ ಸನ್ಯಾಸಿಯೊಬ್ಬರ ಮುಖ ಕಾಣುತ್ತದೆ. ಅವರು ಹೇಳಿದ್ದು ಇಷ್ಟು: ಕವಿತೆಗಳನ್ನು ಪ್ರಾರ್ಥನೆಯಂತೆ ಓದು, ನಿನ್ನ ಪ್ರಾಯಶ್ಚಿತ್ತಕ್ಕೆ ಹ್ವಾನ್ ದೆ ಲಾ ಕ್ರೂಸ್‌ನದು ಏನಾದರೊಂದು ಅನುವಾದಿಸು.

ಇಲ್ಲಿ ಸ್ವಲ್ಪ ನಿಂತು ನೋಡಿ. ಸನ್ಯಾಸಿ ‘ಮೊದಲು ನಂಬು, ಆಮೇಲೆ ಅನುವಾದಿಸು’ ಎನ್ನಲಿಲ್ಲ. ಜಪ ಮಾಡು ಎಂದೂ ಹೇಳಲಿಲ್ಲ. ಅನುವಾದವನ್ನೇ ಪ್ರಾಯಶ್ಚಿತ್ತವಾಗಿ ಕೊಟ್ಟರು. ಒಂದೊಂದು ಪದಕ್ಕೂ ತಲೆ ಬಾಗಿಸಿ ಕೂರುವ ಕೆಲಸವನ್ನೇ ಕೊಟ್ಟರು. ಆ ಭಾಗದ ಉಳಿದ ಸಾಲುಗಳೆಲ್ಲ ಹೀನಿ ಮಾಡಿದ ಅನುವಾದವೇ. ಅವರು ಆರಿಸಿಕೊಂಡದ್ದು ಹ್ವಾನ್ ಅವರ ಚಿಲುಮೆಯ ಹಾಡು. ಹರಿಯುವ ಆ ಚಿಲುಮೆಯನ್ನು ನಾನು ಚೆನ್ನಾಗಿ ಬಲ್ಲೆ ಎಂದು ಹಾಡು ಶುರುವಾಗುತ್ತದೆ. ಚರಣ ಚರಣಕ್ಕೂ ಒಂದು ಪಲ್ಲವಿ ಮರಳಿ ಬರುತ್ತದೆ: ‘ಔಂಕೆ ಎಸ್ ದೆ ನೋಚೆ’. ರಾತ್ರಿಯಾಗಿದ್ದರೂ.

ಬಲ್ಲೆ, ರಾತ್ರಿಯಾಗಿದ್ದರೂ. ಕುಡಿಯಲು ಎಲ್ಲರನ್ನೂ ಕರೆಯುತ್ತದೆ, ರಾತ್ರಿಯಾಗಿದ್ದರೂ. ಕಾಣದೆಯೂ ಬಲ್ಲೆ ಎನ್ನುವ ಮಾತು ಇದು. ನಂಬಿಕೆ ಗಟ್ಟಿ ಇರುವವರಿಗೆ ‘ಬಲ್ಲೆ’ ಜೋರಾಗಿ ಕೇಳಿಸುತ್ತದೆ. ಅನುಮಾನ ಇರುವವರಿಗೆ ‘ರಾತ್ರಿ’ ಜೋರಾಗಿ ಕೇಳಿಸುತ್ತದೆ. ಎರಡೂ ಒಂದೇ ಸಾಲಿನಲ್ಲಿವೆ. ನೀವು ಎರಡನೆಯ ಗುಂಪಿನವರಾದರೆ ಆ ಸಾಲನ್ನು ಅನುವಾದಿಸುವ ಹಕ್ಕು ನಿಮಗೆ ಕಡಿಮೆಯೇನಲ್ಲ. ರಾತ್ರಿ ನಿಮಗೆ ಗೊತ್ತಿದೆ, ಅಲ್ವಾ?

ಆ ಪಲ್ಲವಿಯಲ್ಲಿ ಇನ್ನೊಂದು ವಿಷಯವಿದೆ. ‘ಎಸ್ ದೆ ನೋಚೆ’ ಎನ್ನುವುದು ಸ್ಪ್ಯಾನಿಷ್ ಮಾತನಾಡುವವರು ದಿನಾ ಆಡುವ ಮಾತು. ‘ರಾತ್ರಿಯಾಯಿತು’ ಎಂದು ನಾವು ಹೇಳುತ್ತೇವಲ್ಲ, ಅಷ್ಟು ಸರಳ. ಇದಕ್ಕೆ ‘ಅಂಧಕಾರವು ಕವಿದಿದ್ದರೂ’ ಎಂದು ಬರೆದರೆ ಕವಿತೆ ಅಲ್ಲೇ ಸತ್ತಿತು. ಅರ್ಥ ತಪ್ಪೇನಲ್ಲ. ದನಿ ತಪ್ಪು. ಮನುಷ್ಯ ತನ್ನಷ್ಟಕ್ಕೆ ತಾನು ಗುನುಗಿಕೊಳ್ಳುವ ಮಾತನ್ನು ವೇದಿಕೆ ಹತ್ತಿಸಿದಂತಾಗುತ್ತದೆ.

ಈ ಹಾಡು ಹುಟ್ಟಿದ್ದು ಎಲ್ಲಿ ಎಂದು ತಿಳಿದರೆ ದನಿ ಇನ್ನೂ ಸ್ಪಷ್ಟವಾಗುತ್ತದೆ. ಹ್ವಾನ್ 1542ರಲ್ಲಿ ಕ್ಯಾಸ್ಟಿಲ್ ಪ್ರಾಂತದ ಫೊಂಟಿವೆರೋಸ್ ಎಂಬ ಊರಲ್ಲಿ ಹುಟ್ಟಿದರು. ಬಡ ಮನೆ. ಕಾರ್ಮೆಲೈಟ್ ಎಂಬ ಕ್ಯಾಥೊಲಿಕ್ ಪಂಥದ ಸನ್ಯಾಸಿಯಾದರು. ಅದೇ ಪಂಥದ ಸನ್ಯಾಸಿನಿ ಆವಿಲಾದ ತೆರೇಸಾ ಅವರ ಜೊತೆ ಸೇರಿ ತಮ್ಮ ಪಂಥವನ್ನು ಮತ್ತೆ ಕಠಿಣ ನಿಯಮಕ್ಕೆ ತರಲು ಹೊರಟರು. ಪಂಥದೊಳಗೇ ಇದಕ್ಕೆ ವಿರೋಧವಿತ್ತು. 1577ರ ಡಿಸೆಂಬರ್ 2ರ ರಾತ್ರಿ ಅವರನ್ನು ಹಿಡಿದು ಟೊಲೆಡೊದ ಮಠಕ್ಕೆ ಸಾಗಿಸಿದರು. ಸುಮಾರು ಒಂಬತ್ತು ತಿಂಗಳು ಅಲ್ಲಿ ಸೆರೆ. ಸುಮಾರು ಆರು ಅಡಿ ಅಗಲ, ಹತ್ತು ಅಡಿ ಉದ್ದದ ಕೋಣೆ. ಬೆಳಕಿಗೆ ಗೋಡೆಯ ಮೇಲ್ತುದಿಯಲ್ಲಿ ಒಂದು ಕಿಂಡಿ. ಸೆರೆ ಹಾಕಿದವರು ಸ್ವಂತ ಪಂಥದ ಸೋದರರೇ. ಚಿಲುಮೆಯ ಹಾಡನ್ನೂ ‘ಆಧ್ಯಾತ್ಮ ಗೀತೆ’ ಎಂಬ ದೀರ್ಘ ಕವಿತೆಯ ಹೆಚ್ಚಿನ ಚರಣಗಳನ್ನೂ ಅವರು ಕಟ್ಟಿದ್ದು ಆ ಕೋಣೆಯಲ್ಲಿ. 1578ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಹೊದಿಕೆಗಳನ್ನು ಸೀಳಿ ಹಗ್ಗ ಮಾಡಿಕೊಂಡು ಇಳಿದು ಪಾರಾದರು. ನೀವು ಅನುವಾದಿಸುತ್ತಿರುವ ‘ಕತ್ತಲ ರಾತ್ರಿ’ ಅದಾದ ಸ್ವಲ್ಪ ಕಾಲಕ್ಕೆ ಬಂದದ್ದು ಎಂದು ಬಲ್ಲವರು ಹೇಳುತ್ತಾರೆ. ಯಾರ ಕಣ್ಣಿಗೂ ಬೀಳದೆ ರಾತ್ರಿ ಮನೆ ಬಿಟ್ಟು ಹೊರಡುವುದು, ಗುಟ್ಟಿನ ಏಣಿ, ಕೋಟೆಯ ಕಂಡಿಯಿಂದ ಬೀಸುವ ಗಾಳಿ ಇವೆಲ್ಲ ಅವರಿಗೆ ಮೈಯಿಂದಲೇ ಗೊತ್ತಿದ್ದ ಸಂಗತಿಗಳು.

ಈಗ ನಿಮ್ಮ ಎರಡನೆಯ ಪ್ರಶ್ನೆ. ಈ ಕವಿತೆ ಎಂಟು ಚರಣ, ನಲವತ್ತು ಸಾಲು. ಮೂಲವನ್ನು ಇಟ್ಟುಕೊಂಡು ಹುಡುಕಿ ನೋಡಿ. ಈ ನಲವತ್ತು ಸಾಲಲ್ಲಿ ‘ದೇವರು’ ಎಂಬ ಪದ ಒಮ್ಮೆಯೂ ಇಲ್ಲ. ‘ಆತ್ಮ’ ಎಂಬ ಪದವೂ ಇಲ್ಲ. ಎರಡೂ ಇರುವುದು ಕವಿತೆಯ ಮೇಲಿನ ತಲೆಬರಹದಲ್ಲಿ ಮಾತ್ರ. ಒಳಗೆ ಇರುವುದು ಒಬ್ಬ ಹೆಣ್ಣು, ಒಂದು ಇರುಳು, ಕಾಯುತ್ತಿರುವ ಅವನು, ಸೀಡರ್ ಮರಗಳ ಗಾಳಿ, ಅವನ ಕೂದಲು, ಲಿಲಿ ಹೂಗಳು. ನಿಮಗೆ ಇದು ಪ್ರೇಮ ಕವಿತೆಯಂತೆ ಕಂಡಿತು ಎಂದರೆ ನೀವು ಸರಿಯಾಗಿಯೇ ಓದಿದ್ದೀರಿ.

ಇದರ ಅರ್ಥವೇನು ಎಂದು ಹ್ವಾನ್ ಅವರೇ ಬೇರೆ ಕೂತು ಬರೆದರು. ಈ ಒಂದೇ ಕವಿತೆಗೆ ಎರಡು ದೊಡ್ಡ ಗದ್ಯ ವ್ಯಾಖ್ಯಾನಗಳಿವೆ. ಮನೆ ಎಂದರೆ ಇಂದ್ರಿಯಗಳು, ಏಣಿ ಎಂದರೆ ಶ್ರದ್ಧೆ ಎಂದು ಒಂದೊಂದನ್ನೂ ಬಿಡಿಸುತ್ತಾರೆ. ಆದರೆ ನೂರಾರು ಪುಟ ಬರೆದ ಮೇಲೂ ಅವರು ಮೂರನೆಯ ಚರಣ ದಾಟಲಿಲ್ಲ. ಅಲ್ಲಿಗೆ ವ್ಯಾಖ್ಯಾನ ನಿಂತುಹೋಯಿತು. ಬರೆದವರೇ ಮುಗಿಸದೆ ಬಿಟ್ಟ ವಿವರಣೆಯನ್ನು ನಾವು ಒಂದು ‘ಪರಮಾತ್ಮ’ ಹಾಕಿ ಮುಗಿಸಲು ಹೋಗಬಾರದು.

ನಾನು ಹೋಗಿದ್ದೆ. ನನ್ನ ಮೊದಲ ಕರಡಿನಲ್ಲಿ ‘ಅಮಾದೊ’ (ಪ್ರಿಯಕರ) ಬಂದಲ್ಲೆಲ್ಲ ‘ಪರಮಾತ್ಮ’ ಎಂದೇ ಇತ್ತು. ಗಟ್ಟಿಯಾಗಿ ಓದಿಕೊಂಡೆ. ಮನೆ ಬಿಟ್ಟು ಓಡಿಬಂದ ಹುಡುಗಿ ಮಾಯವಾಗಿದ್ದಳು. ಅವಳ ಜಾಗದಲ್ಲಿ ಯಾರೋ ಉಪದೇಶ ಮಾಡುತ್ತಿದ್ದರು. ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಹ್ವಾನ್ ಸಲಮಂಕಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಲೂಯಿಸ್ ದೆ ಲೆಯೋನ್ ಒಬ್ಬರು. ಕವಿ, ಅನುವಾದಕ, ಹೀಬ್ರೂ ಬಲ್ಲವರು. ಬೈಬಲ್ಲಿನ ಪ್ರೇಮಗೀತೆಗಳಾದ ಪರಮಗೀತವನ್ನು ಒಬ್ಬ ಸನ್ಯಾಸಿನಿಗಾಗಿ ನೇರ ಹೀಬ್ರೂದಿಂದ ಸ್ಪ್ಯಾನಿಷಿಗೆ ತಂದರು. ಆ ಕಾಲದಲ್ಲಿ ಬೈಬಲ್ಲನ್ನು ಜನರ ಮಾತಿಗೆ ತರುವುದು ಅಪಾಯದ ಕೆಲಸ. ಪ್ರತಿಗಳು ಕೈಯಿಂದ ಕೈಗೆ ಹೋದವು. 1572ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಅವರನ್ನು ಹಿಡಿದು ವಯ್ಯಡೊಲಿಡ್‌ನಲ್ಲಿ ಸೆರೆಯಲ್ಲಿಟ್ಟಿತು. ಬಿಟ್ಟಿದ್ದು 1576ರ ಡಿಸೆಂಬರ್‌ನಲ್ಲಿ. ಆ ಅನುವಾದವೂ ಅವರ ಮೇಲಿನ ಆರೋಪಗಳಲ್ಲಿ ಒಂದಾಗಿತ್ತು. ಅದು ಅಚ್ಚಾದದ್ದು ಅವರು ಸತ್ತು ಇನ್ನೂರು ವರ್ಷ ಕಳೆದ ಮೇಲೆ, 1798ರಲ್ಲಿ.

ಅದರ ಮುನ್ನುಡಿಯಲ್ಲಿ ಅವರು ಹೇಳುವ ಮಾತು ನನ್ನ ಮಟ್ಟಿಗೆ ಇಡೀ ವಿಷಯದ ಮೂಲ. ಅನುವಾದಿಸುವವನ ಕೆಲಸ ಬೇರೆ, ವಿವರಿಸುವವನ ಕೆಲಸ ಬೇರೆ ಎನ್ನುತ್ತಾರೆ. ಅನುವಾದಕ ಸಾಧ್ಯವಾದರೆ ಪದಗಳನ್ನು ಎಣಿಸಿ ಅಷ್ಟೇ ಪದ ಕೊಡಬೇಕು. ಮೂಲದ ಪದಕ್ಕೆ ಎಷ್ಟು ಅರ್ಥಗಳಿವೆಯೋ ಅಷ್ಟೂ ಅರ್ಥಕ್ಕೆ ಜಾಗ ಇರುವಂತೆ ನೋಡಿಕೊಳ್ಳಬೇಕು. ತನಗೆ ತೋಚಿದ ಒಂದೇ ಅರ್ಥಕ್ಕೆ ಅದನ್ನು ಕಟ್ಟಿಹಾಕಬಾರದು. ಇದನ್ನು ಹೇಳಿದವರು ಗಟ್ಟಿ ನಂಬಿಕೆಯ ಸನ್ಯಾಸಿ, ದೇವತಾಶಾಸ್ತ್ರದ ಪ್ರಾಧ್ಯಾಪಕರು. ನಂಬಿಕೆ ಇದ್ದವರೇ ಕವಿತೆಯ ಬಾಗಿಲನ್ನು ಇಷ್ಟು ತೆರೆದಿಟ್ಟರು.

ಹಾಗಾದರೆ ಅನುವಾದಕನಿಗೆ ಏನು ಬೇಕು? ಕಿವಿ ಬೇಕು. ತಿಳಿವಳಿಕೆ ಬೇಕು. ನಿಮ್ಮ ಕವಿತೆಯಿಂದಲೇ ಎರಡು ಮೂರು ಜಾಗ ತೋರಿಸುತ್ತೇನೆ.

ಮೊದಲ ಚರಣ. ‘ಇನ್‌ಫ್ಲಮಾದ’, ‘ನೊತಾದ’ ಎಂಬ ಎರಡು ಪದಗಳಿವೆ. ಉರಿಯುತ್ತಿದ್ದವಳು, ಕಣ್ಣಿಗೆ ಬಿದ್ದವಳು ಎಂದು ಅರ್ಥ. ಕೊನೆಯ ‘ಅ’ಕಾರ ಸ್ತ್ರೀಲಿಂಗದ ಗುರುತು. ಮಾತಾಡುತ್ತಿರುವವಳು ಹೆಣ್ಣು ಎಂದು ಸ್ಪ್ಯಾನಿಷ್ ಓದುಗನಿಗೆ ಎರಡನೆಯ ಸಾಲಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಇದು ಉಳಿಯುವುದಿಲ್ಲ. ನೀವು ಇಂಗ್ಲಿಷಿನಿಂದ ಬಂದದ್ದರಿಂದ ನಿಮ್ಮ ಕರಡಿನಲ್ಲೂ ಬಹುಶಃ ಇಲ್ಲ. ಕನ್ನಡದಲ್ಲಿ ‘ನಾನು ಹೊರಟೆ’ ಎಂದರೆ ಗಂಡೋ ಹೆಣ್ಣೋ ತಿಳಿಯದು. ಉತ್ತಮಪುರುಷದಲ್ಲಿ ನಮ್ಮ ಕ್ರಿಯಾಪದ ಲಿಂಗ ಹೇಳುವುದಿಲ್ಲ. ಆದರೆ ಕ್ರಿಯಾಪದದಿಂದ ಹೆಸರು ಮಾಡಿಕೊಳ್ಳುವ ಸೌಲಭ್ಯ ನಮಗಿದೆ. ಹೀಗೆ ಮಾಡಬಹುದು:

ಒಂದು ಕತ್ತಲ ಇರುಳು,
ತವಕದಲ್ಲಿ, ಒಲವಿನ ಉರಿಯಲ್ಲಿ ಬೆಂದವಳು,
ಆಹಾ, ಎಂಥ ಭಾಗ್ಯ,
ಯಾರ ಕಣ್ಣಿಗೂ ಬೀಳದೆ ಹೊರಟೆ.
ಮನೆ ಆಗಲೇ ಮಲಗಿತ್ತು.

‘ಬೆಂದವಳು’ ಒಂದು ಪದ ಸಾಕು. ಅವಳು ಬಂದಳು. ಕೊನೆಯ ಸಾಲಿನ ‘ಸೊಸೆಗಾದ’ಕ್ಕೆ ನಿಘಂಟು ‘ಶಾಂತವಾದ’ ಎನ್ನುತ್ತದೆ. ‘ನನ್ನ ಗೃಹ ಪ್ರಶಾಂತವಾಗಿತ್ತು’ ಎಂದರೆ ಯಾರಿಗೂ ಏನೂ ಕಾಣದು. ‘ಮನೆ ಮಲಗಿತ್ತು’ ಎಂದರೆ ಕಾಣುತ್ತದೆ. ದೀಪ ಆರಿದೆ, ಉಸಿರಾಟ ಕೇಳಿಸುತ್ತಿದೆ, ಬಾಗಿಲು ಕಿರ್ ಎನ್ನದಂತೆ ತೆರೆಯಬೇಕು. ಇಂದ್ರಿಯಗಳು ಅಡಗಿದವು ಎಂಬ ಅರ್ಥಕ್ಕೂ ಅಲ್ಲಿ ಜಾಗವಿದೆ. ಅದನ್ನು ಹೇಳುವುದು ಬೇಕಿಲ್ಲ.

ಐದನೆಯ ಚರಣ ಕವಿತೆಯ ನಡುನೆತ್ತಿ. ‘ಅಮಾದೊ ಕೊನ್ ಅಮಾದ, ಅಮಾದ ಎನ್ ಎಲ್ ಅಮಾದೊ ತ್ರಾನ್ಸ್‌ಫೊರ್ಮಾದ’. ಸದ್ದು ಕೇಳಿಸಿಕೊಳ್ಳಿ. ಪ್ರಿಯಕರ, ಪ್ರಿಯೆ ಇಬ್ಬರ ನಡುವೆ ಇರುವುದು ಒಂದೇ ಸ್ವರದ ಅಂತರ. ಅವರು ಕೂಡುವ ಮೊದಲೇ ಪದಗಳು ಕೂಡಿಬಿಟ್ಟಿವೆ. ‘ತ್ರಾನ್ಸ್‌ಫೊರ್ಮಾದ’ ಎಂಬ ಪದದ ಹೊಟ್ಟೆಯಲ್ಲೂ ‘ಮಾದ’ ಇದೆ. ಇಂಗ್ಲಿಷಿಗೆ ಈ ಜೋಡಿ ಇಲ್ಲ. ನಮಗಿದೆ. ನಲ್ಲ, ನಲ್ಲೆ. ಎಷ್ಟು ಹತ್ತಿರದ ಜೋಡಿ ನೋಡಿ! ಇದು ಹೊಳೆದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ದಾರಿ ತೋರಿದ ಇರುಳೇ,
ಬೆಳಗಿಗಿಂತ ಮುದ್ದಾದ ಇರುಳೇ,
ನಲ್ಲನ ನಲ್ಲೆಗೆ ಕೂಡಿಸಿದ ಇರುಳೇ,
ನಲ್ಲನಲ್ಲಿ ನಲ್ಲೆ ನಲ್ಲನೇ ಆದ ಇರುಳೇ.

ಮೂಲದ ಐದು ಸಾಲು ಇಲ್ಲಿ ನಾಲ್ಕಾಗಿದೆ. ಇಲ್ಲಿ ‘ಐಕ್ಯ’ ಎಂದಿದ್ದರೆ ಅರ್ಥ ಒಂದೇ ಹೊಡೆತಕ್ಕೆ ಮುಗಿಯುತ್ತಿತ್ತು. ಐಕ್ಯವಾಗುವುದು ಕಿವಿಗೆ ಕೇಳಿಸುತ್ತಿರಲಿಲ್ಲ.

ಮೂರನೆಯದು ಇನ್ನೊಂದು ಕವಿತೆಯದು, ಸೆರೆಯಲ್ಲಿ ಶುರುವಾದ ‘ಆಧ್ಯಾತ್ಮ ಗೀತೆ’ಯದು. ನೋಡಿದವರೆಲ್ಲ ನಲ್ಲನ ಬಗ್ಗೆ ಏನೇನೋ ಹೇಳುತ್ತಾರೆ, ಆದರೆ ಹೇಳಲಾಗದೆ ಉಳಿಯುವುದೇ ಅವಳನ್ನು ಕೊಲ್ಲುತ್ತದೆ. ಆ ಸಾಲು: ‘ಉನ್ ನೊ ಸೆ ಕೆ ಕೆ ಕೆದಾನ್ ಬಲ್ಬುಸಿಯೆಂದೊ’. ಕೆ, ಕೆ, ಕೆ. ತೊದಲುತ್ತಾರೆ ಎಂದು ಹೇಳುವ ಸಾಲು ತಾನೇ ತೊದಲುತ್ತದೆ. ನಾನು ಮೊದಲು ‘ಅನಿರ್ವಚನೀಯವಾದುದನ್ನು’ ಎಂದು ಬರೆದಿದ್ದೆ. ಅದು ಮಾತಿಗೆ ಸಿಗದ್ದರ ಬಗ್ಗೆ ತಡವರಿಸದೆ ಹೇಳುವ ಪದ. ಆಮೇಲೆ ತಿದ್ದಿದೆ: ‘ಏನೋ ಏನೇನೋ ಎಂದು ತೊದಲಿ ಉಳಿಯುವ ಏನೋ ಒಂದು.’ ಇನ್ನೂ ಪೂರ್ತಿ ಸಮಾಧಾನವಿಲ್ಲ. ಆದರೆ ಈಗ ನಾಲಗೆ ಎಡವುತ್ತದೆ.

ಈಗ ತಿಳಿವಳಿಕೆಯ ಮಾತು. ಕನ್ನಡಕ್ಕೆ ತರುವವರಿಗೆ ಒಂದು ವಿಶೇಷ ಆಸೆ ಕಾಡುತ್ತದೆ. ನಮ್ಮಲ್ಲಿ ವಚನಗಳ ಭಾಷೆ ತಯಾರಾಗಿದೆ. ಬಯಲು, ಶೂನ್ಯ, ಐಕ್ಯ, ಅರಿವು. ಕೈ ಚಾಚಿದರೆ ಸಿಗುತ್ತವೆ. ಹ್ವಾನ್ ‘ನಾದ’ (ಸ್ಪ್ಯಾನಿಷಿನಲ್ಲಿ ‘ಏನೂ ಇಲ್ಲ’, ನಮ್ಮ ಸದ್ದಿನ ನಾದವಲ್ಲ) ಎಂದು ಬರೆದಲ್ಲಿ ‘ಶೂನ್ಯ’ ಎಂದು ಬರೆಯಲು ಕೈ ತುರಿಸುತ್ತದೆ. ಅವರು ಒಂದು ಬೆಟ್ಟದ ಚಿತ್ರ ಬಿಡಿಸಿ, ನಡುವಿನ ದಾರಿಯ ಉದ್ದಕ್ಕೂ ‘ನಾದ, ನಾದ, ನಾದ’ ಎಂದು ಬರೆದು, ಬೆಟ್ಟದ ಮೇಲೆಯೂ ‘ನಾದ’ ಎಂದರು. ಆದರೆ ಸ್ಪ್ಯಾನಿಷಿನಲ್ಲಿ ಅದು ಮಗು ಕೂಡ ಆಡುವ ಪದ. ‘ಕೈಯಲ್ಲೇನಿದೆ?’ ‘ನಾದ.’ ಏನಿಲ್ಲ. ‘ಶೂನ್ಯ’ ಎಂದ ಕೂಡಲೇ ಅಲ್ಲಮ ಬಂದು ಕೂರುತ್ತಾರೆ. ಅವರ ಹಿಂದೆ ಇನ್ನೂ ದೊಡ್ಡ ಪರಂಪರೆ ಬರುತ್ತದೆ. ಅವರು ಬರುವುದು ನನಗೆ ಸಂತೋಷವೇ. ಆದರೆ ಅವರು ಬಂದರೆ ಹ್ವಾನ್ ಎದ್ದು ಹೋಗಬೇಕಾಗುತ್ತದೆ. ‘ಏನೂ ಇಲ್ಲ, ಏನೂ ಇಲ್ಲ, ಬೆಟ್ಟದ ಮೇಲೂ ಏನೂ ಇಲ್ಲ’ ಎಂದರೆ ಹ್ವಾನ್ ಉಳಿಯುತ್ತಾರೆ. ಓದುಗರಿಗೆ ಅಲ್ಲಮ ತಾವಾಗಿಯೇ ನೆನಪಾದರೆ ಅದು ಅವರ ಸ್ವಂತ ಓದು.

‘ಅನುಭಾವ’ ಎಂಬ ಪದದಲ್ಲೇ ಇದು ಶುರುವಾಗುತ್ತದೆ. ನಮ್ಮ ಪದದೊಳಗೆ ‘ಅನುಭವ’ ಕೇಳಿಸುತ್ತದೆ. ಪಶ್ಚಿಮದ ‘ಮಿಸ್ಟಿಕ್’ ಎಂಬ ಪದ ಗ್ರೀಕಿನಿಂದ ಬಂದದ್ದು. ಅದರ ಬೇರಿನಲ್ಲಿ ಇರುವುದು ಮುಚ್ಚುವುದು, ಕಣ್ಣೋ ಬಾಯೋ ಮುಚ್ಚುವುದು. ಎರಡನ್ನೂ ಒಂದೇ ಪದದಿಂದ ಕರೆಯುವುದು ಅನಿವಾರ್ಯ. ನಾನೂ ಹಾಗೇ ಕರೆಯುತ್ತಿದ್ದೇನೆ. ಆದರೆ ಅನುವಾದಿಸುವಾಗ ಈ ವ್ಯತ್ಯಾಸ ತಲೆಯ ಹಿಂದೆ ಇರಲಿ.

ವಿವರಣೆ ಬೇಕೇ ಬೇಕು ಅನಿಸಿದರೆ ಏನು ಮಾಡುವುದು? ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಹಳೆಯ ಉದಾಹರಣೆ ಇದೆ. ಮಾರ್ಗರೀತ್ ಪೊರೇತ್ ಎಂಬ ಹೆಂಗಸು ಫ್ರೆಂಚ್‌ನಲ್ಲಿ ‘ಸರಳ ಆತ್ಮಗಳ ಕನ್ನಡಿ’ ಎಂಬ ಪುಸ್ತಕ ಬರೆದರು. ಅದಕ್ಕಾಗಿ 1310ರ ಜೂನ್ 1ರಂದು ಪ್ಯಾರಿಸ್‌ನಲ್ಲಿ ಅವರನ್ನು ಸುಟ್ಟರು. ಪುಸ್ತಕ ಮಾತ್ರ ಹೆಸರಿಲ್ಲದೆ ಲ್ಯಾಟಿನ್, ಇಟಾಲಿಯನ್, ಇಂಗ್ಲಿಷ್ ಅನುವಾದಗಳಲ್ಲಿ ಬದುಕಿತು. ಬರೆದವರು ಅವರೇ ಎಂದು ಮತ್ತೆ ಪತ್ತೆಯಾದದ್ದು 1946ರಲ್ಲಿ. ಮಧ್ಯಯುಗದ ಇಂಗ್ಲಿಷ್ ಅನುವಾದಕ ಯಾರೋ ಗೊತ್ತಿಲ್ಲ. ತನ್ನ ಮೊದಲ ಅನುವಾದದ ಕೆಲವು ಮಾತುಗಳನ್ನು ಜನ ತಪ್ಪು ತಿಳಿದರು ಎಂದು ಆತ ಎರಡನೆಯ ಬಾರಿ ಅನುವಾದಿಸಿದ. ಈ ಸಲ ಕಷ್ಟದ ಜಾಗಗಳಲ್ಲಿ ಸ್ವಂತ ವಿವರಣೆ ಸೇರಿಸಿದ. ಆದರೆ ಪ್ರತಿ ವಿವರಣೆಯ ಮೊದಲಿಗೆ ‘ಎಮ್’ ಎಂದೂ ಕೊನೆಗೆ ‘ಎನ್’ ಎಂದೂ ಗುರುತು ಹಾಕಿದ. ಈ ಎರಡು ಅಕ್ಷರಗಳ ನಡುವೆ ಇರುವುದು ನನ್ನ ಮಾತು, ಹೊರಗಿರುವುದು ಪುಸ್ತಕದ ಮಾತು ಎಂದು. ಎಷ್ಟು ಪ್ರಾಮಾಣಿಕ ಕೈ! ನೀವೂ ಟಿಪ್ಪಣಿ ಬರೆಯಿರಿ, ಮುನ್ನುಡಿ ಬರೆಯಿರಿ. ಕವಿತೆಯ ಹೊರಗೆ, ನಿಮ್ಮ ಹೆಸರಲ್ಲಿ.

ಪೊರೇತ್ ಅವರ ಒಂದು ಮಾತು ‘ಯಾಕೆ ಎಂಬುದಿಲ್ಲದೆ’ ಬದುಕುವುದು. ಸುಮಾರು ಅದೇ ಕಾಲದ ಜರ್ಮನಿಯ ಎಕ್‌ಹಾರ್ಟ್ ಅವರ ಪ್ರವಚನಗಳಲ್ಲೂ ಅದು ಬರುತ್ತದೆ. 1657ರಲ್ಲಿ ಆಂಗೆಲುಸ್ ಸಿಲೇಸಿಯುಸ್ ಎಂಬ ಕವಿ ಅದನ್ನು ಎರಡು ಸಾಲಿಗೆ ಇಳಿಸಿದರು. ಗುಲಾಬಿಗೆ ಯಾಕೆ ಎಂಬುದಿಲ್ಲ, ಅರಳುವುದರಿಂದ ಅರಳುತ್ತದೆ, ತನ್ನ ಗೊಡವೆ ತನಗಿಲ್ಲ, ಯಾರಾದರೂ ನೋಡುತ್ತಾರಾ ಎಂದು ಕೇಳುವುದಿಲ್ಲ. ಅರ್ಜೆಂಟೀನಾದ ಲೇಖಕ ಬೋರ್ಹೆಸ್‌ಗೆ ಈ ಸಾಲು ಪ್ರಾಣ. ಮರಿಯಾ ಕೊಡಾಮಾ ಜೊತೆ ಸೇರಿ ಸಿಲೇಸಿಯುಸ್‌ನ ದ್ವಿಪದಿಗಳನ್ನು 1982ರಲ್ಲಿ ಸ್ಪ್ಯಾನಿಷಿಗೆ ತಂದರು. ಬೋರ್ಹೆಸ್ ತಮ್ಮನ್ನು ಭಕ್ತ ಎಂದು ಎಂದೂ ಕರೆದುಕೊಂಡವರಲ್ಲ.

ಈ ಎರಡು ಸಾಲನ್ನು ನೀವೇ ಮಾಡಿ ನೋಡಿ. ಒಂದು ಮುಳ್ಳು ಸಿಗುತ್ತದೆ. ಜರ್ಮನಿನಲ್ಲಿ ‘ಯಾಕೆ’ಗೆ ‘ವಾರುಮ್’, ಅದರ ಉತ್ತರಕ್ಕೆ ‘ವೈಲ್’. ಬೇರೆ ಬೇರೆ ಪದ. ನಮ್ಮಲ್ಲಿ ಉತ್ತರ ಶುರುವಾಗುವುದು ‘ಯಾಕೆಂದರೆ’ ಎಂದು. ‘ಗುಲಾಬಿಗೆ ಯಾಕೆ ಎಂಬುದಿಲ್ಲ, ಅರಳುತ್ತದೆ, ಯಾಕೆಂದರೆ ಅರಳುತ್ತದೆ’ ಎಂದರೆ ಬಾಗಿಲಿಂದ ಕಳಿಸಿದ ‘ಯಾಕೆ’ ಕಿಟಕಿಯಿಂದ ಒಳಗೆ ಬಂತು. ಹಾಗಾಗಿ ನಾನು ‘ಅರಳುವುದರಿಂದ’ ಎಂದೆ. ಹಳೆಯ ಜರ್ಮನಿನಲ್ಲಿ ‘ವೈಲ್’ಗೆ ‘ಇರುವಷ್ಟು ಹೊತ್ತು’ ಎಂಬ ಛಾಯೆಯೂ ಇದೆ. ಅದು ನನಗೆ ದಕ್ಕಿಲ್ಲ. ನಿಮಗೆ ದಕ್ಕಬಹುದು.

ಇಂಗ್ಲಿಷ್ ಮೂಲಕ ಬರುವ ಬಗ್ಗೆಯೂ ಹೇಳಬೇಕು. ತಪ್ಪೇನಿಲ್ಲ, ಆದರೆ ಒಂದೇ ಇಂಗ್ಲಿಷ್ ಅನುವಾದವನ್ನು ನೆಚ್ಚಬೇಡಿ. ದಕ್ಷಿಣ ಆಫ್ರಿಕಾದ ಕವಿ ರಾಯ್ ಕ್ಯಾಂಪ್‌ಬೆಲ್ ಅವರದು ಬಹಳ ಹೆಸರಾದ ಅನುವಾದ, 1951ರದು. ಅವರು 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಟೊಲೆಡೊದಲ್ಲೇ ಇದ್ದರು. ಅವರಿಗೆ ಪರಿಚಯವಿದ್ದ ಅಲ್ಲಿನ ಕಾರ್ಮೆಲೈಟ್ ಸನ್ಯಾಸಿಗಳು ಆಗ ಕೊಲೆಯಾದರು. ರಾಜಕೀಯದಲ್ಲಿ ಅವರು ಸೇನಾಧಿಕಾರಿ ಫ್ರಾಂಕೊ ಪರ ನಿಂತರು, ಅದನ್ನು ನಾನು ಒಪ್ಪಲಾರೆ. ಆದರೆ ಆ ಅನುವಾದದ ಹಿಂದೆ ಬದುಕಿನ ಸಾಲ ಇದೆ. ಮಲಗಿದ ಮನೆಗೆ ಅವರು ಬಳಸಿದ ‘ಹಶ್ಡ್’ ಎಂಬ ಪದ ತುಂಬಾ ಚೆಂದ. ಆದರೆ ಮೊದಲ ಸಾಲಿನ ಇರುಳಿಗೆ ‘ಗ್ಲೂಮಿ’ ಎಂದರು. ಅದರಲ್ಲಿ ಮಂಕು ಇದೆ, ದುಃಖ ಇದೆ. ಹ್ವಾನ್ ಅವರ ಇರುಳು ಮಂಕಲ್ಲ. ಅದು ಭಾಗ್ಯದ ಇರುಳು, ಮುದ್ದಾದ ಇರುಳು. ಇವತ್ತು ‘ಆತ್ಮದ ಕತ್ತಲ ರಾತ್ರಿ’ ಎಂದರೆ ಖಿನ್ನತೆ ಎಂದೇ ಜಾಸ್ತಿ ಜನ ತಿಳಿಯುತ್ತಾರೆ. ವ್ಯಾಖ್ಯಾನದಲ್ಲಿ ನೋವಿನ ಮಾತು ಬಹಳ ಇದೆ, ನಿಜ. ಕವಿತೆಯಲ್ಲಿ ಇರುವುದು ಓಡಿಹೋಗುವವಳ ಎದೆಬಡಿತ. ಹಾಗಾಗಿ ಮೂಲದ ನಲವತ್ತು ಸಾಲನ್ನು ಎದುರಿಗಿಟ್ಟುಕೊಳ್ಳಿ. ಸ್ಪ್ಯಾನಿಷ್ ಬರೆದಂತೆಯೇ ಹೆಚ್ಚುಕಡಿಮೆ ಓದುವ ಭಾಷೆ. ನಿಘಂಟು ಹಿಡಿದು ಪದ ಪದ ಬಿಡಿಸಿದರೆ ಒಂದು ವಾರದ ಕೆಲಸ. ಆಮೇಲೆ ಗಟ್ಟಿಯಾಗಿ ಓದಿ, ಬಾಯಿಪಾಠವಾಗುವ ತನಕ. ಜೊತೆಗೆ ಪರಮಗೀತವನ್ನು ಕನ್ನಡ ಬೈಬಲ್ಲಿನಲ್ಲಿ ಓದಿ. ಹ್ವಾನ್ ಅವರ ಕವಿತೆಯ ಹೂವು, ಗಾಳಿ, ಹುಡುಕಾಟವೆಲ್ಲ ಅಲ್ಲಿಂದಲೇ ಬಂದದ್ದು. ಸಾಯುವ ಹೊತ್ತಿನಲ್ಲಿ ಅವರು ಓದಿಸಿಕೊಂಡದ್ದೂ ಅದನ್ನೇ ಎಂದು ಹೇಳುತ್ತಾರೆ.

ಬಾಯಿಪಾಠ ಎಂದೆ. ಅದರ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಹೋದರೆ ತಪ್ಪಾಗುತ್ತದೆ. ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ ಯಹೂದಿ ಮನೆಯಲ್ಲಿ, ದೇವರ ಸುದ್ದಿಯೇ ಇಲ್ಲದೆ ಬೆಳೆದವರು. 1938ರಲ್ಲಿ ಸೊಲೆಮ್ ಮಠದಲ್ಲಿ ಈಸ್ಟರ್ ವಾರ ಕಳೆದಾಗ ಒಬ್ಬ ಇಂಗ್ಲಿಷ್ ಯುವಕನಿಂದ ಅವರಿಗೆ ಇಂಗ್ಲಿಷಿನ ಹದಿನೇಳನೆಯ ಶತಮಾನದ, ‘ಮೆಟಾಫಿಸಿಕಲ್’ ಎಂದು ಕರೆಯುವ ಕವಿಗಳ ಪರಿಚಯವಾಯಿತು. ಅವರಲ್ಲೊಬ್ಬರಾದ ಜಾರ್ಜ್ ಹರ್ಬರ್ಟ್ ಅವರ ‘ಲವ್’ ಎಂಬ ಕವಿತೆಯನ್ನು ಬಾಯಿಪಾಠ ಮಾಡಿಕೊಂಡರು. ತಲೆನೋವು ತಡೆಯಲಾಗದಷ್ಟು ಬಂದಾಗ ಅದನ್ನು ಹೇಳಿಕೊಳ್ಳುತ್ತಿದ್ದರು. ಸುಮ್ನೆ ಒಂದು ಚೆಂದದ ಕವಿತೆ ಹೇಳಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ, ನನಗೆ ಗೊತ್ತಿಲ್ಲದೆಯೇ ಅದು ಪ್ರಾರ್ಥನೆಯಾಗಿತ್ತು ಎಂದು ಅವರು 1942ರಲ್ಲಿ ಒಬ್ಬ ಪಾದ್ರಿಗೆ ಬರೆದ ಪತ್ರದಲ್ಲಿ ಹೇಳುತ್ತಾರೆ. ಹಾಗೆ ಹೇಳಿಕೊಳ್ಳುವಾಗಲೇ ಒಮ್ಮೆ ಕ್ರಿಸ್ತ ಬಂದು ತನ್ನನ್ನು ಆವರಿಸಿದ ಎನ್ನುತ್ತಾರೆ. ಆ ಕವಿತೆಯಲ್ಲಿ ಪ್ರೀತಿ ಅತಿಥಿಯನ್ನು ಊಟಕ್ಕೆ ಕರೆಯುತ್ತದೆ. ತಾನು ಅದಕ್ಕೆ ಯೋಗ್ಯನಲ್ಲ ಎಂದು ಅತಿಥಿ ಹಿಂದೆ ಸರಿಯುತ್ತಾನೆ. ವಾದ ನಡೆಯುತ್ತದೆ. ಕೊನೆಯ ಸಾಲಿನಲ್ಲಿ ಒಂದೊಂದೇ ಉಚ್ಚಾರದ ಆರು ಪುಟ್ಟ ಇಂಗ್ಲಿಷ್ ಪದಗಳು. ಕನ್ನಡದಲ್ಲಿ ಮೂರೇ ಸಾಕು: ಸರಿ, ಕೂತೆ, ಉಂಡೆ.

ನಿಮಗೂ ಹೀಗೆ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ನನಗೆ ಆಗಿಲ್ಲ. ಆದರೆ ಇಂಥ ಕವಿತೆಯನ್ನು ವರ್ಷಗಟ್ಟಲೆ ನಾಲಗೆ ಮೇಲೆ ಇಟ್ಟುಕೊಂಡವರು ಹೋದಂತೆಯೇ ಮರಳಿ ಬರುವುದಿಲ್ಲ. ಇಷ್ಟು ಮಾತ್ರ ನಾನು ಅನುಭವದಿಂದ ಹೇಳಬಲ್ಲೆ.

ಕೊನೆಯ ಚರಣದಲ್ಲಿ ನೀವು ಸಿಕ್ಕಿಕೊಳ್ಳುತ್ತೀರಿ, ಅದಕ್ಕೇ ನನ್ನದನ್ನು ಕೊಡುತ್ತೇನೆ. ಮೂಲದಲ್ಲಿ ‘ಮರೆತೆ’ ಮೊದಲ ಸಾಲಿನಲ್ಲೂ ಇದೆ, ಕೊನೆಯ ಪದವೂ ಅದೇ. ನಡುವೆ ‘ಬಿಟ್ಟೆ’ ಎಂಬುದು ಎರಡು ಬಾರಿ. ಕನ್ನಡದಲ್ಲಿ ಕ್ರಿಯಾಪದಗಳೆಲ್ಲ ‘ಎ’ಕಾರದಲ್ಲಿ ಮುಗಿದು ಪ್ರಾಸ ತಾನಾಗಿ ಬೀಳುತ್ತದೆ. ಹೂವಿಗೆ ‘ನೈದಿಲೆ’ ಎನ್ನಬೇಡಿ, ಅದು ನೀರಿನ ಹೂ. ಇವರು ನೆಲದ ಮೇಲಿದ್ದಾರೆ.

ಉಳಿದೆ ಅಲ್ಲೇ, ನನ್ನ ನಾನೇ ಮರೆತೆ,
ನಲ್ಲನ ಮೇಲೆ ಮೊಗವಿಟ್ಟೆ,
ಎಲ್ಲ ನಿಂತಿತು, ನನ್ನನ್ನೂ ಬಿಟ್ಟೆ,
ನನ್ನ ಚಿಂತೆಯನ್ನೂ ಬಿಟ್ಟೆ
ಲಿಲಿ ಹೂಗಳ ನಡುವೆ, ಮರೆತೆ.

ನಾಲ್ಕನೆಯ ಸಾಲಿನ ‘ಚಿಂತೆ’ ನನಗೆ ಇನ್ನೂ ಸ್ವಲ್ಪ ಕಚ್ಚುತ್ತದೆ. ಮೂಲದ ‘ಕುಯಿದಾದೊ’ದಲ್ಲಿ ಕಾಳಜಿಯೂ ಇದೆ, ಕಳವಳವೂ ಇದೆ. ಒಲಿದವರ ಬಗ್ಗೆ ಇರುವ ಕಾಳಜಿಯನ್ನೂ ಅವಳು ಅಲ್ಲಿ ಬಿಟ್ಟಳಾ? ನೀವು ಯಾವ ಪದ ಇಟ್ಟಿರಿ ಎಂದು ಬರೆಯಿರಿ.